ಪ್ರೋಗ್ರಾಮ್ ಸರಿಯಾಗಿ ಓಡಿದರೂ ಅಂಕ ಏಕೆ ಕಡಿಮೆ?

ಮೊದಲ ಸೆಮಿಸ್ಟರಿನ ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಟೆಸ್ಟಿನಲ್ಲಿ ನಿಮ್ಮ ಪ್ರೋಗ್ರಾಮ್ ಸರಿಯಾದ ಔಟ್‌ಪುಟ್ ಕೊಟ್ಟರೂ 10ಕ್ಕೆ 4 ಅಂಕವಷ್ಟೇ ಬಂತು, ಹಾಗಾದರೆ ಮೇಷ್ಟ್ರುಗಳು ನಿಜವಾಗಿ ಏನನ್ನು ನೋಡುತ್ತಾರೆ ಎಂದು ಕೇಳಿದ್ದೀರಿ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇದೇ ವಿಷಯವನ್ನು ಕಲಿಸುತ್ತಿರುವುದರಿಂದ, ನಾನು ಹೇಗೆ ಅಂಕ ಕೊಡುತ್ತೇನೆ ಎಂಬುದನ್ನು ಹೇಳಬಲ್ಲೆ.

ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಈ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ಇಂಟರ್ನಲ್ಸ್‌ನಲ್ಲಿ ಲ್ಯಾಬಿಗೆ 25 ಅಂಕಗಳಿದ್ದು, ಅದರಲ್ಲಿ 15 ಪ್ರಯೋಗ ಮತ್ತು ರೆಕಾರ್ಡಿಗೆ, 10 ಟೆಸ್ಟಿಗೆ. ರೆಕಾರ್ಡಿನ ಅಂಕ ಶ್ರದ್ಧೆಯಿಂದ ಬರೆದವರಿಗೆಲ್ಲ ಬರುತ್ತದೆ. ವಿದ್ಯಾರ್ಥಿಗೆ ವಿಷಯ ತಿಳಿದಿದೆಯೇ ಎಂದು ಗೊತ್ತಾಗುವುದು ಉಳಿದ ಆ 10ರಲ್ಲಿ.

ಲ್ಯಾಬ್ ಪಟ್ಟಿಯಲ್ಲಿರುವ ವಿದ್ಯುತ್ ಬಿಲ್ಲಿನ ಪ್ರೋಗ್ರಾಮನ್ನೇ ನೋಡಿ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದರೆ 1 ರೂಪಾಯಿ, ಮೀಟರ್ ಶುಲ್ಕ 100 ರೂಪಾಯಿ, ಒಟ್ಟು ಮೊತ್ತ 400ಕ್ಕಿಂತ ಹೆಚ್ಚಾದರೆ ಶೇ 15ರಷ್ಟು ಸರ್‌ಚಾರ್ಜ್. ಇದನ್ನು ಬಾಯಿಪಾಠ ಮಾಡಿಕೊಂಡು ಬಂದವರಿಗೆ ನಾನು 200ರ ಮಿತಿಯನ್ನು 150ಕ್ಕೆ ಇಳಿಸಿ ಎನ್ನುತ್ತೇನೆ. ಹಲವರು ಷರತ್ತಿನಲ್ಲಿ 150 ಎಂದು ತಿದ್ದುತ್ತಾರೆ, ಆದರೆ ಮುಂದಿನ ಸಾಲಿನಲ್ಲಿ ಯೂನಿಟ್‌ನಿಂದ 200 ಕಳೆಯುವುದನ್ನು ಹಾಗೆಯೇ ಬಿಟ್ಟಿರುತ್ತಾರೆ. ಮೂಲ ದರದಲ್ಲೇ 350 ಯೂನಿಟ್‌ಗೆ ಲೆಕ್ಕ ಹಾಕಿ ಎಂದರೆ 160, 90, 50, ಮೇಲೆ ಮೀಟರ್ ಶುಲ್ಕ 100, ಒಟ್ಟು ಸರಿಯಾಗಿ 400. ಇಲ್ಲಿ ಸರ್‌ಚಾರ್ಜ್ ಬೀಳಬಾರದು. 'ಹೆಚ್ಚು' ಎಂಬಲ್ಲಿ 'ಹೆಚ್ಚು ಅಥವಾ ಸಮ' ಎಂದು ಬರೆದವರ ಬಿಲ್ಲು ಮಾತ್ರ 460ಕ್ಕೆ ಏರುತ್ತದೆ, ಆದರೆ 100 ಯೂನಿಟ್ ಕೊಟ್ಟು ಪರೀಕ್ಷಿಸಿದವರಿಗೆ ಈ ತಪ್ಪು ಕಾಣಿಸುವುದೇ ಇಲ್ಲ. ನಿಮ್ಮ ಔಟ್‌ಪುಟ್ ಸರಿಯಿತ್ತು ಎನ್ನುವಾಗ ಯಾವ ಇನ್‌ಪುಟ್‌ಗೆ ಸರಿಯಿತ್ತು ಎಂದು ದಯವಿಟ್ಟು ಯೋಚಿಸಿ.

ಸೆಮಿಕೋಲನ್ ಬಿಟ್ಟುಹೋದದ್ದಕ್ಕೆ ನಾನು ಹೆಚ್ಚು ಅಂಕ ಕಳೆಯುವುದಿಲ್ಲ, ಏಕೆಂದರೆ ಅದನ್ನು ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ, ಹಿಡಿದುಕೊಡುತ್ತದೆ. ಆದರೆ 80 ಪೈಸೆಯನ್ನು ರೂಪಾಯಿಗೆ ತರಲೆಂದು 80ನ್ನು 100ರಿಂದ ಭಾಗಿಸಿ ಬರೆದರೆ, ಎರಡೂ ಪೂರ್ಣಾಂಕಗಳಾದ್ದರಿಂದ ಸಿ ಭಾಷೆಯಲ್ಲಿ ದಶಮಾಂಶ ಭಾಗ ಬಿದ್ದುಹೋಗಿ ಉತ್ತರ 0 ಆಗುತ್ತದೆ ಮತ್ತು ಕಂಪೈಲರ್ ಸುಮ್ಮನಿರುತ್ತದೆ. ಬಿಲ್ಲಿನಲ್ಲಿ ಬರೀ ಮೀಟರ್ ಶುಲ್ಕವೇ ಬಂದಾಗ ಗಾಬರಿಯಾಗದೆ ಕಾರಣ ಹುಡುಕಿ ಹೇಳಿದವರಿಗೆ, ಪ್ರೋಗ್ರಾಮ್ ಮುಗಿಯದಿದ್ದರೂ, ನಾನು 7 ಅಥವಾ 8 ಅಂಕ ಕೊಟ್ಟಿದ್ದೇನೆ. ಆ ಕಾರಣವನ್ನು ಕನ್ನಡದಲ್ಲೇ ಹೇಳಿದರೂ ನನ್ನ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪೂರ್ಣ ಅಂಕ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಉತ್ತರ ಗೊತ್ತಿದ್ದೂ ಇಂಗ್ಲಿಷಿಗೆ ಹೆದರಿ ಬಾಯಿ ಬಿಡದಿರುವುದು ನನಗೆ ತೀರಾ ಸಂಕಟದ ಸಂಗತಿ.

ಅಂಕ ಹಂಚುವ ಕ್ರಮವನ್ನು ಟೆಸ್ಟಿಗೆ ಮೊದಲೇ ಹೇಳುವುದು ಕಲಿಸುವವರ ಕರ್ತವ್ಯ, ಅದನ್ನು ಕೇಳುವ ಹಕ್ಕು ನಿಮಗಿದೆ. ನಾಳೆಯೇ ನಿಮ್ಮ ಮೇಷ್ಟ್ರ ಬಳಿ ಹೋಗಿ, ಅಂಕ ಹೆಚ್ಚಿಸಿ ಎನ್ನುವ ಬದಲು, ಯಾವ ಇನ್‌ಪುಟ್‌ಗೆ ಅಥವಾ ಯಾವ ಪ್ರಶ್ನೆಗೆ ನನ್ನ ಉತ್ತರ ತಪ್ಪಿತು ಎಂದು ಕೇಳಿ, ಅದೇ ಇನ್‌ಪುಟ್ ಇಟ್ಟುಕೊಂಡು ಪ್ರತಿ ಸಾಲಿನ ನಂತರ ಪ್ರತಿ ವೇರಿಯಬಲ್‌ನ (ಪ್ರೋಗ್ರಾಮಿನಲ್ಲಿ ಬೆಲೆ ಇಟ್ಟುಕೊಳ್ಳುವ ಹೆಸರಿನ) ಬೆಲೆಯನ್ನು ಕಾಗದದ ಮೇಲೆ ಬರೆದು ಅವರಿಗೆ ತೋರಿಸಿ.