ಪ್ರತಿಕ್ರಿಯೆ: ಗೆದ್ದವನೇ ಪಾರ್ ಮುಟ್ಟದಿದ್ದರೆ ಮೈದಾನ ಅನ್ಯಾಯದ್ದೇ?

ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವನೇ ಗೆಲ್ಲುವುದು; ಪಾರ್ ಅಂದರೆ ಒಳ್ಳೆಯ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂದು ಮೊದಲೇ ಇಟ್ಟ ಲೆಕ್ಕ. ಗೆದ್ದವನ ಸ್ಕೋರೇ ಪಾರ್‌ಗಿಂತ ಜಾಸ್ತಿ ಬಂದರೆ ಆ ಗಾಲ್ಫ್ ಮೈದಾನ ಅನ್ಯಾಯದ್ದು ಅಲ್ವಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲ. ಸ್ಕೋರ್ ನೋಡಿ ಇದನ್ನು ಹೇಳಲು ಆಗುವುದಿಲ್ಲ.

ನಾನು ರಾಯಚೂರಿನವನು. ಬೇಸಿಗೆಯಲ್ಲಿ ನಮ್ಮ ಎರೆ ಮಣ್ಣಿನ ಪಿಚ್ ಬಿರುಕು ಬಿಡುತ್ತದೆ. ಬಾಲ್ ತಿರುಗಿದರೆ ಯಾರೂ ಗೊಣಗುವುದಿಲ್ಲ, ಅದು ಆಟ. ಆದರೆ ಒಂದೇ ಜಾಗಕ್ಕೆ ಬಿದ್ದ ಬಾಲ್ ಒಮ್ಮೆ ಕಾಲಬುಡಕ್ಕೆ, ಒಮ್ಮೆ ಮುಖಕ್ಕೆ ಬಂದರೆ ಬ್ಯಾಟ್ಸ್‌ಮನ್ ಏನು ಮಾಡಬೇಕು? ಕಷ್ಟಕ್ಕೂ ಅನ್ಯಾಯಕ್ಕೂ ನಡುವೆ ಗಾಲ್ಫ್‌ನಲ್ಲೂ ಇದೇ ಗೆರೆ.

1974ರ ಯುಎಸ್ ಓಪನ್ ಗಾಲ್ಫ್ ಟೂರ್ನಿ ವಿಂಗ್ಡ್ ಫೂಟ್ ಮೈದಾನದಲ್ಲಿ ನಡೆಯಿತು. ಹೇಲ್ ಇರ್ವಿನ್ ಪಾರ್‌ಗಿಂತ 7 ಹೆಚ್ಚು ಹೊಡೆದು ಗೆದ್ದರು. 2004ರಲ್ಲಿ ಅದೇ ಟೂರ್ನಿ ಶಿನೆಕಾಕ್ ಹಿಲ್ಸ್ ಮೈದಾನದಲ್ಲಿ ನಡೆದಾಗ ರಿಟೀಫ್ ಗೂಸೆನ್ ಪಾರ್‌ಗಿಂತ 4 ಕಡಿಮೆಯಲ್ಲೇ ಗೆದ್ದರು. ಆದರೂ ಜನ ಇವತ್ತಿಗೂ ಬೈಯುವುದು ಆ ಕೊನೆಯ ದಿನವನ್ನು. ಮೈದಾನದ ಭಾಗಗಳಾದ ಹೋಲ್‌ಗಳಲ್ಲಿ 7ನೆಯದರ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ಒಣಗಿ ಎಷ್ಟು ಗಟ್ಟಿಯಾಗಿತ್ತೆಂದರೆ, ಚೆನ್ನಾಗಿ ಹೊಡೆದ ಚೆಂಡೂ ನಿಲ್ಲದೆ ಉರುಳಿ ಹೊರಗೆ ಹೋಗುತ್ತಿತ್ತು. ಕಡೆಗೆ ಆಟದ ಮಧ್ಯೆಯೇ ನೀರು ಹಾಕಿದರು. ಬೆಳಿಗ್ಗೆ ಮೊದಲು ಆಡಿದವರಿಗೆ ಒಂದು ಗ್ರೀನ್, ಆಮೇಲೆ ಬಂದವರಿಗೆ ಇನ್ನೊಂದು. ನನಗೆ ತುಂಬಾ ನೋವಾಗುವುದು ಇಲ್ಲೇ. ಅಲ್ಲಿ ವಿನ್ಯಾಸದ ತಪ್ಪಿರಲಿಲ್ಲ. ಒಳ್ಳೆಯ ಹೋಲ್ ಅದು. ಸಿದ್ಧತೆ ಕೆಟ್ಟಿತ್ತು, ಅಷ್ಟೆ.

ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಸ್ಕೋರ್ ಬಿಡಿ. ಒಳ್ಳೆಯ ಹೊಡೆತ ಎಲ್ಲಿ ನಿಲ್ಲುತ್ತದೆ, ಸ್ವಲ್ಪ ತಪ್ಪಿದ್ದು ಎಲ್ಲಿಗೆ ಹೋಗುತ್ತದೆ, ಪೂರ್ತಿ ಕೆಟ್ಟದ್ದು ಎಲ್ಲಿಗೆ ಬೀಳುತ್ತದೆ ನೋಡಿ. ಮೂರೂ ಒಂದೇ ಹಳ್ಳಕ್ಕೆ ಬಿದ್ದರೆ ನಿಮ್ಮ ಸಿಟ್ಟು ಸರಿ.