ಹಳೆಯ ಕಾಲೇಜು ಶುಲ್ಕಕ್ಕೆ ವಸೂಲಿಯವರ ಕಾಟ: ಸ್ವಲ್ಪ ಕೊಟ್ಟು ಕಾಲಾವಕಾಶ ಕೇಳಲೇ?

ಕೇಳಬೇಡಿ. ನಾನು ಹಾಗೆ ಕೇಳಿ ಕೆಟ್ಟವನು.

2014ರ ಜುಲೈನಲ್ಲಿ, ಮೂರನೆಯ ವರ್ಷದ ತರಗತಿಗಳು ಆರಂಭವಾಗುವ ಮೊದಲೇ, ಪುಣೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜನ್ನು ಬಿಟ್ಟೆ. ಬಿಡುವ ಅರ್ಜಿಯ ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡಿದ್ದೆ. ಅಲ್ಲಿಯವರು ಅದನ್ನು ‘ಪೋಚ್’ ಎನ್ನುತ್ತಾರೆ. ಆದರೂ ಆ ಇಡೀ ವರ್ಷದ ಶುಲ್ಕ 68,000 ರೂಪಾಯಿ ನನ್ನ ಹೆಸರಿನಲ್ಲಿ ಬಾಕಿ ಎಂದು ಬರೆದುಕೊಂಡಿದ್ದರು.

ವಸೂಲಿಯವನ ಮೊದಲ ಕರೆ ಬಂದದ್ದು 2018ರ ಫೆಬ್ರುವರಿಯಲ್ಲಿ. ಮೊದಮೊದಲು ಮರಾಠಿಯಲ್ಲಿ ಸೌಜನ್ಯ, ಆಮೇಲೆ ಹಿಂದಿಯಲ್ಲಿ ಗದರಿಕೆ. ಧಾರವಾಡದಲ್ಲಿದ್ದ ಅಪ್ಪನಿಗೂ ಫೋನು ಹೋದಾಗ ನಾನು ಹೆದರಿ, ಪುಣೆಯ ಹಡಪಸರದ ನನ್ನ ಕೋಣೆಗೆ ಬಂದ ಆ ಮನುಷ್ಯನಿಗೆ ಐದು ಸಾವಿರ ಕೊಟ್ಟು, ಅವನು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದೆ.

ಎಡವಿದ್ದು ಆ ಸಹಿಯಲ್ಲಿ. 1963ರ ಲಿಮಿಟೇಷನ್ ಕಾಯ್ದೆಯಂತೆ ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶವಿದ್ದು, ನನ್ನ ವಿಷಯದಲ್ಲಿ ಅದು 2017ರಲ್ಲೇ ಮುಗಿದಿತ್ತು. ಅವಧಿ ಮುಗಿದ ಮೇಲೆ ಬರಿಯ ಐದು ಸಾವಿರ ಕೊಟ್ಟಿದ್ದರೆ ಹೋದದ್ದು ಅಷ್ಟೇ ಆಗುತ್ತಿತ್ತು. ‘ಉಳಿದ 63,000 ರೂಪಾಯಿಗಳನ್ನು ಆರು ಕಂತುಗಳಲ್ಲಿ ಕೊಡುತ್ತೇನೆ’ ಎಂದು ಬರೆದುಕೊಟ್ಟೆನಲ್ಲ, ಅದು 1872ರ ಕರಾರು ಕಾಯ್ದೆಯ 25(3)ನೆಯ ಕಲಮಿನಂತೆ ಹೊಸ ಕರಾರೇ ಆಗಿಬಿಟ್ಟಿತು. ಆಮೇಲೆ ಕಂಡ ವಕೀಲರು ಮೊಹರಿನ ಅರ್ಜಿಯನ್ನು ನೋಡಿ ನಕ್ಕರು, ನನ್ನ ಸಹಿಯನ್ನು ನೋಡಿ ಸುಮ್ಮನಾದರು. ಪೂರ್ತಿ ಹಣ ಕಟ್ಟಿದೆ.

ನಿಮ್ಮ ಬಿಲ್ಲು ಎರಡೂವರೆ ವರ್ಷ ಹಳೆಯದು ಎಂದಿದ್ದೀರಿ. ಇನ್ನೂ ಅವಧಿಯಿರುವಾಗ ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಮತ್ತೆ ಮೂರು ವರ್ಷಗಳ ಲೆಕ್ಕ ಶುರುವಾಗುತ್ತದೆ. ಕಾಲಾವಕಾಶ ಕೇಳುವುದೆಂದರೆ ಸಾಲವನ್ನು ಒಪ್ಪಿಕೊಂಡಂತೆ. ನೀವು ಒಪ್ಪದ ಬಾಕಿಗೆ ಕಾಲಾವಕಾಶವೇಕೆ? ಯಾವ ವರ್ಷದ ಶುಲ್ಕ, ಲೆಕ್ಕ ಹೇಗೆ, ವಸೂಲಿಗೆ ಕಾಲೇಜು ಕೊಟ್ಟ ಅಧಿಕಾರಪತ್ರ ಎಲ್ಲಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಕೇಳಿ, ಬಾಕಿಯನ್ನು ಒಪ್ಪುವುದಿಲ್ಲವೆಂದು ಅದರಲ್ಲೇ ಬರೆಯಿರಿ. ಶುಲ್ಕದ ಬಾಕಿ ಸಿವಿಲ್ ವ್ಯವಹಾರವಾದ್ದರಿಂದ ಪೊಲೀಸರನ್ನು ಕರೆಸುತ್ತೇವೆಂಬ ವಸೂಲಿಯವರ ಬೆದರಿಕೆ ಬರಿಯ ಬೊಗಳೆ. ಜನರ ಸಾಲದ ದಾಖಲೆ ಇಡುವ ಸಿಬಿಲ್‌ ಸಂಸ್ಥೆಗೆ ವರದಿ ಹೋಗುವುದು ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ಸಾಲ ಕೊಡುವವರಿಂದ. ಶುಲ್ಕಕ್ಕೆಂದು ಅಂಥವರಿಂದ ಸಾಲ ಪಡೆದಿದ್ದರೆ ಮಾತ್ರ ಮಾತು ಬೇರೆ. ನ್ಯಾಯಾಲಯದ ಸಮನ್ಸ್ ಬಂದರೆ ಸುಮ್ಮನಿರಬೇಡಿ, ಕೂಡಲೇ ವಕೀಲರನ್ನು ಕಾಣಿ.

ಊರಿನಲ್ಲಿರುವ ಮನೆಯವರಿಗೂ ಈಗಲೇ ಎಲ್ಲವನ್ನೂ ತಿಳಿಸಿಡಿ. ನನ್ನ ಅಪ್ಪ ಇಂದಿಗೂ ಗೊತ್ತಿಲ್ಲದ ನಂಬರಿನ ಕರೆ ಎತ್ತುವುದಿಲ್ಲ.