ಬಿಳಿ ಬೋರ್ಡ್ ಪಿಕಪ್‌ನಲ್ಲಿ ಈರುಳ್ಳಿ ಮೂಟೆ ಹೇರಬಹುದಾ?

ಹೋದ ಸಂಚಿಕೆಯಲ್ಲಿ ಪಿಕಪ್ ಗಾಡಿಗಳ ಇನ್ಶೂರೆನ್ಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಸಿಕ್ಕಾಪಟ್ಟೆ ಪತ್ರ ಬಂದಿವೆ. ಹೆಚ್ಚಿನವು ಒಂದೇ ವಿಷಯದ ಸುತ್ತ ಇರುವುದರಿಂದ ಈ ಸಲ ಪೂರ್ತಿ ಜಾಗ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಸಾರ್, ಎರಡು ವರ್ಷದ ಹಿಂದೆ ಡಬಲ್ ಕ್ಯಾಬಿನ್ ಪಿಕಪ್ ತಗೊಂಡೆ. ಮನೆಯವರು ಕೂರುವುದಕ್ಕೂ ಆಗುತ್ತದೆ, ಹಿಂದೆ ಮಾಲು ಹಾಕುವುದಕ್ಕೂ ಆಗುತ್ತದೆ ಅಂತ. ಬಿಳಿ ಬೋರ್ಡ್. ನಮ್ಮ ಹೊಲದ ಈರುಳ್ಳಿ, ಮೆಕ್ಕೆಜೋಳ ಅದರಲ್ಲೇ ದಾವಣಗೆರೆಗೆ ತರುತ್ತೇನೆ. ಒಂದು ದಿನವೂ ಬಾಡಿಗೆ ಹೊಡೆದವನಲ್ಲ. ಮೊನ್ನೆ ದಾರಿಯಲ್ಲಿ ಗಾಡಿ ನಿಲ್ಲಿಸಿ, ಇದನ್ನು ಹಳದಿ ಬೋರ್ಡ್ ಮಾಡಿಸಬೇಕು ಅಂದರು. ನನ್ನ ಗಾಡಿ, ನನ್ನ ಬೆಳೆ, ಯಾರಿಂದಲೂ ದುಡ್ಡು ಇಸ್ಕೊಂಡಿಲ್ಲ. ಹೀಗಿದ್ದರೂ ಮಾಡಿಸಬೇಕಾ?
— ಜಗಳೂರಿನ ರೈತರೊಬ್ಬರು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ ಅಣ್ಣಾ. ನಮ್ಮಲ್ಲಿ ಎಲ್ಲರೂ ಅಂದುಕೊಂಡಿರುವುದೇ ಹೀಗೆ: ಬಾಡಿಗೆ ಹೊಡೆದರೆ ಹಳದಿ, ಸ್ವಂತಕ್ಕಾದರೆ ಬಿಳಿ. ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಂನಲ್ಲಿ ಸರಕು ವಾಹನ ಅಂದರೆ ಏನು ಅಂತ ಬರೆದಿದೆ. ಸರಕಿಗೆಂದೇ ಮಾಡಿದ ಗಾಡಿ ಅದರಲ್ಲಿ ಬರುತ್ತದೆ, ಸರಿ. ಆದರೆ ಸರಕಿಗೆ ಅಂತ ಮಾಡದೇ ಇದ್ದರೂ, ಸರಕು ಹೇರಿದ ಹೊತ್ತಿನಲ್ಲಿ ಆ ಗಾಡಿಯೂ ಸರಕು ವಾಹನವೇ, ಅಂದರೆ ಹಳದಿ ಬೋರ್ಡೇ ಬೇಕು. ಬಾಡಿಗೆ ಬಂತಾ ಇಲ್ಲವಾ ಅನ್ನುವ ಮಾತೇ ಅಲ್ಲಿಲ್ಲ.

ಹಾಗಾದರೆ ಸರಕು ಅಂದರೆ ಯಾವುದು? ಮನುಷ್ಯರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ. ಕುರಿ, ಮೇಕೆ ಕೂಡ ಸರಕೇ. ಕಾರಿನಲ್ಲಿ ಹಾಕಿಕೊಂಡು ಹೋಗುವ ಸ್ವಂತ ಲಗೇಜು, ಸ್ವಂತ ಬಳಕೆಯ ಸಾಮಾನು ಮಾತ್ರ ಇದರಲ್ಲಿ ಸೇರುವುದಿಲ್ಲ. ಅಂದರೆ ಮದುವೆಗೆ ಹೊರಟಾಗ ಹಿಂದೆ ಹಾಕಿದ ಹಾಸಿಗೆ, ಬ್ಯಾಗು ಲಗೇಜು. ಮಂಡಿಗೆ ಹೊರಟ 30 ಮೂಟೆ ಈರುಳ್ಳಿ ಸರಕು. ಅದು ನಿಮ್ಮದೇ ಹೊಲದ್ದು ಅನ್ನುವುದರಿಂದ ಲೆಕ್ಕ ಬದಲಾಗುವುದಿಲ್ಲ. 1939ರ ಹಳೆಯ ಕಾಯ್ದೆಯಲ್ಲಿ ಸ್ವಂತ ಮಾಲು ಸಾಗಿಸುವವರಿಗೆ ಬೇರೆಯೇ ಪರ್ಮಿಟ್ ಇತ್ತು, ಹಿರಿಯರು ಇವತ್ತಿಗೂ ಅದನ್ನೇ ನೆನಪಿಟ್ಟುಕೊಂಡು ಹೇಳುತ್ತಾರೆ, ಆದರೆ 1988ರ ಕಾಯ್ದೆ ಬಂದ ಮೇಲೆ ಆ ಎರಡು ಬಗೆ ಉಳಿದಿಲ್ಲ.

ನನ್ನ ಸಲಹೆ ಕೇಳುವುದಾದರೆ, ವರ್ಷಕ್ಕೆ ಎರಡು ಮೂರು ಲೋಡ್ ಅಷ್ಟೇ ಇದ್ದರೆ ಗಾಡಿ ಬಿಳಿ ಬೋರ್ಡಿನಲ್ಲೇ ಇರಲಿ. ಫಸಲು ಬಂದಾಗ ಊರಿನ ಹಳದಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಕರೆಯಿರಿ. ವಾರಕ್ಕೊಂದು ಲೋಡ್ ಹೋಗುತ್ತದೆ ಅಂದರೆ ಬದಲಾಯಿಸಿಬಿಡಿ, ತಡ ಮಾಡಬೇಡಿ. ಯಾಕೆ ಅಷ್ಟು ಒತ್ತಿ ಹೇಳುತ್ತೇನೆ ಅಂತ ಮುಂದಿನ ಉತ್ತರಗಳಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಬಿಳಿ ಬೋರ್ಡ್ ಪಿಕಪ್ ಇದೆ, ಬ್ಯಾಂಕ್ ಲೋನ್ ಇನ್ನೂ ಮುಗಿದಿಲ್ಲ. ಹಳದಿಗೆ ಬದಲಾಯಿಸಲು ಏಜೆಂಟರು 25 ಸಾವಿರ ಕೇಳುತ್ತಿದ್ದಾರೆ. ನಿಜವಾಗಿ ಸರ್ಕಾರಕ್ಕೆ ಕಟ್ಟುವುದು ಎಷ್ಟು?
— ದಾವಣಗೆರೆಯ ಓದುಗರು

ಉತ್ತರ: ದುಡ್ಡಿಗಿಂತ ಮೊದಲು ಒಂದು ಕೆಲಸ ಮಾಡಿ. ಗಾಡಿ ತಗೊಂಡ ಶೋರೂಂಗೆ ಹೋಗಿ, ನಿಮ್ಮ ಮಾಡೆಲ್‌ಗೆ ಸರಕು ವಾಹನ ಅಂತ ಮಂಜೂರಾತಿ ಇದೆಯಾ ಕೇಳಿ, ಅದರ ಪ್ರತಿ ಇಸ್ಕೊಳ್ಳಿ. ಕಂಪನಿ ಯಾವ ವರ್ಗದಲ್ಲಿ ಮಂಜೂರಾತಿ ಪಡೆದಿದೆಯೋ ಅದನ್ನು ನೋಡಿಯೇ ಆರ್‌ಟಿಓ ನೋಂದಣಿ ಮಾಡುವುದು. ಅದು ಇಲ್ಲದಿದ್ದರೆ ಯಾವ ಏಜೆಂಟ್ ಬಂದರೂ ಕೆಲಸ ಆಗುವುದಿಲ್ಲ. ಮುಂಗಡ ಕೊಟ್ಟು ಕೂತವರನ್ನು ನಾನು ನೋಡಿದ್ದೇನೆ. ಎರಡನೆಯದು ಬ್ಯಾಂಕಿನ ಒಪ್ಪಿಗೆ ಪತ್ರ. ಸಾಲ ಇರುವವರೆಗೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದಲ್ವಾ, ಅವರು ಒಪ್ಪದೆ ಏನೂ ಬದಲಾಗದು.

ಈಗ ಫೀ ಲೆಕ್ಕ. ಕೇಂದ್ರ ಮೋಟಾರು ವಾಹನ ನಿಯಮದ 81ನೇ ನಿಯಮದಲ್ಲಿ ಪಟ್ಟಿ ಇದೆ. 2016ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ಆ ಪಟ್ಟಿ ಪ್ರಕಾರ ಲಘು ವಾಹನದ ನೋಂದಣಿಗೆ ಸ್ವಂತ ಬಳಕೆಯದಾದರೆ 600 ರೂಪಾಯಿ, ಸಾರಿಗೆ ವಾಹನ, ಅಂದರೆ ಹಳದಿ ಬೋರ್ಡ್ ಆದರೆ 1,000. ಸ್ಮಾರ್ಟ್ ಕಾರ್ಡ್‌ಗೆ 200. ಸಾಲದ ನಮೂದನ್ನು ಹೊಸದಾಗಿ ಹಾಕಿಸಬೇಕಾಗಿ ಬಂದರೆ 1,500. ಅಂದರೆ ಈ ಮೂರೂ ಫೀ ಸೇರಿ ಮೂರು ಸಾವಿರದ ಒಳಗೇ ಮುಗಿಯುತ್ತದೆ.

ತೆರಿಗೆ ಬೇರೆ ಬಾಬತ್ತು. ಬಿಳಿ ಬೋರ್ಡ್ ಗಾಡಿಗೆ ತಗೊಳ್ಳುವಾಗಲೇ ಬೆಲೆ ನೋಡಿ ಆಜೀವ ತೆರಿಗೆ ಕಟ್ಟಿರುತ್ತೀರಿ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಗಾಡಿಗೆ 14 ಪರ್ಸೆಂಟ್, 10ರಿಂದ 20 ಲಕ್ಷಕ್ಕೆ 17, ಅದರ ಮೇಲೆ 18. ಸರಕು ವಾಹನಕ್ಕೆ ಬೆಲೆ ನೋಡುವುದಿಲ್ಲ, ತೂಕ ನೋಡುತ್ತಾರೆ. ಹಾಗಾಗಿ ಹಳೆಯ ತೆರಿಗೆ ರಶೀದಿ ಹಿಡಿದುಕೊಂಡು ನೀವೇ ಆಫೀಸಿಗೆ ಹೋಗಿ, ನಿಮ್ಮ ಗಾಡಿಗೆ ಎಷ್ಟು ಬರುತ್ತದೆ ಅಂತ ಬರೆಸಿಕೊಂಡು ಬನ್ನಿ. ಆ ಚೀಟಿ ಕೈಯಲ್ಲಿದ್ದರೆ ಏಜೆಂಟರ 25 ಸಾವಿರದಲ್ಲಿ ಸರ್ಕಾರದ್ದೆಷ್ಟು, ಅವರದ್ದೆಷ್ಟು ಅಂತ ನಿಮಗೇ ಕಾಣುತ್ತದೆ.

ನಿಜವಾದ ಖರ್ಚು ಇಲ್ಲಿಲ್ಲ, ಪ್ರತಿ ವರ್ಷ ಬರುವ ಇನ್ಶೂರೆನ್ಸ್‌ನಲ್ಲಿದೆ. 2022ರ ಜೂನ್‌ನಲ್ಲಿ ಕೇಂದ್ರ ನಿಗದಿ ಮಾಡಿದ ದರದಲ್ಲಿ 1,500 ಸಿಸಿ ದಾಟಿದ ಸ್ವಂತ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 7,897 ರೂಪಾಯಿ. 7,500 ಕೆಜಿ ಒಳಗಿನ ಸರಕು ವಾಹನ ಬಾಡಿಗೆಗೆ ಓಡುವುದಾದರೆ 16,049. ಬರೀ ಸ್ವಂತ ಮಾಲಿಗೆ ಅಂತಾದರೆ 8,510. ಮೇಲೆ ಜಿಎಸ್‌ಟಿ ಬೇರೆ. ಇದನ್ನು ಚೆನ್ನಾಗಿ ಗಮನಿಸಿ. ಪರ್ಮಿಟ್‌ನಲ್ಲಿ ಸ್ವಂತ ಮಾಲು, ಬಾಡಿಗೆ ಮಾಲು ಅನ್ನುವ ಭೇದ ಹೋಗಿದ್ದರೂ ಇನ್ಶೂರೆನ್ಸ್‌ನಲ್ಲಿ ಇನ್ನೂ ಇದೆ. ನಿಮ್ಮ ಭಟ್ಟಿಯ ಮಂಡಕ್ಕಿ ಬಿಟ್ಟು ಬೇರೆಯವರ ಮೂಟೆ ಹಾಕುವುದಿಲ್ಲ ಅಂದರೆ ಕಡಿಮೆ ದರದ್ದನ್ನೇ ಕೇಳಿ ಮಾಡಿಸಿ. ಎಷ್ಟೋ ಜನ ಕೇಳುವುದೇ ಇಲ್ಲ, ಸುಮ್ನೆ ದುಪ್ಪಟ್ಟು ಕಟ್ಟುತ್ತಾರೆ. ಆದರೆ ಕಡಿಮೆಯದ್ದು ಮಾಡಿಸಿ ಪಕ್ಕದ ಭಟ್ಟಿಯವರ ಮಾಲು ಹೇರಿದರೆ ಅದೂ ಅಷ್ಟೇ ಅಪಾಯ.

ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವಾಗಿದೆ ಅನ್ನುವ ಸರ್ಟಿಫಿಕೇಟ್ ಮರೆಯಬೇಡಿ. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅವಧಿ ಮುಗಿದ ಮೇಲೆ ದಿನಕ್ಕೆ 50 ರೂಪಾಯಿ ದಂಡ ಏರುತ್ತಾ ಹೋಗುತ್ತದೆ, ಆರು ತಿಂಗಳು ಮರೆತರೆ ಒಂಬತ್ತು ಸಾವಿರ. ಹಳದಿ ಬೋರ್ಡಿಗೆ 80 ಕಿಲೋಮೀಟರ್‌ಗೆ ಕಟ್ಟಿದ ಸ್ಪೀಡ್ ಗವರ್ನರ್, ಹೊಳೆಯುವ ಟೇಪು ಬೇಕು, ಬ್ರೇಕ್ ಇನ್ಸ್‌ಪೆಕ್ಟರ್ ಇವನ್ನು ನೋಡಿಯೇ ಸಹಿ ಹಾಕುವುದು. ಪರ್ಮಿಟ್ ಬೇಕಾ ಇಲ್ಲವಾ ಅನ್ನುವುದು ತೂಕದ ಮೇಲೆ. ಆರ್‌ಸಿಯಲ್ಲಿ ಗಾಡಿ ಮತ್ತು ಲೋಡ್ ಸೇರಿದ ಒಟ್ಟು ತೂಕ 3,000 ಕೆಜಿ ಮೀರದಿದ್ದರೆ 66ನೇ ಕಲಂ ಪ್ರಕಾರ ಪರ್ಮಿಟ್ ಬೇಡ. ಟಾಟಾ ಏಸ್‌ನಂಥ ಚಿಕ್ಕ ಗಾಡಿಗಳು ಇದರೊಳಗೇ ಬರುತ್ತವೆ. ಮೀರಿದ್ದರೆ ಬೇಕೇ ಬೇಕು. ಪರ್ಮಿಟ್ ಇಲ್ಲದೆ ಓಡಿಸಿದರೆ ಕಾಯ್ದೆಯ 192ಎ ಕಲಂನಲ್ಲಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತಿದೆ.

ಪ್ರಶ್ನೆ: ಬೋರ್ಡ್ ಹಳದಿ ಆದರೆ ನನ್ನ ಕಾರ್ ಲೈಸೆನ್ಸ್ ನಡೆಯುತ್ತಾ?
— ಹಿರಿಯೂರು

ಉತ್ತರ: ನಡೆಯುತ್ತದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಾತ್ರಿ ಮಾಡಿದೆ. 7,500 ಕೆಜಿ ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಸಾಕು, ಬೇರೆ ನಮೂದು ಬೇಕಿಲ್ಲ. ಇನ್ನೊಂದು ಮಾತು, ನೀವು ಹೈವೇಯಲ್ಲಿ ಜಾಸ್ತಿ ಓಡಾಡುವವರಾದರೆ: 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಬೋರ್ಡ್ ಬದಲಾದರೆ ಅದು ಸಿಗುವುದಿಲ್ಲ.

ಪ್ರಶ್ನೆ: ನನ್ನ ಬಿಳಿ ಬೋರ್ಡ್ ಪಿಕಪ್‌ನಲ್ಲಿ ಪಕ್ಕದ ತೋಟದವರ ತೆಂಗಿನಕಾಯಿ ಹಾಕಿಕೊಂಡು ಹೋಗುವಾಗ ಲಾರಿಗೆ ಗುದ್ದಿತು. ಡೀಸೆಲ್ ದುಡ್ಡು ಅಂತ ಸ್ವಲ್ಪ ಇಸ್ಕೊಂಡಿದ್ದೆ. ಇನ್ಶೂರೆನ್ಸ್‌ನವರು ಒಂದು ಪೈಸೆಯೂ ಇಲ್ಲ ಅಂದಿದ್ದಾರೆ. ದಾರಿ ಇದೆಯಾ?
— ಹೊಸದುರ್ಗದ ಓದುಗರು

ಉತ್ತರ: ನಿಮ್ಮ ಪತ್ರ ಓದಿ ನನ್ನ ತಮ್ಮನದೇ ನೆನಪಾಯಿತು. ಅವನ ಗಾಡಿ ಭರಮಸಾಗರದ ಹತ್ತಿರ ಸರ್ವಿಸ್ ರಸ್ತೆಗೆ ಇಳಿಯುವಾಗ ಪಲ್ಟಿ ಆಗಿತ್ತು. ಅದೂ ಬಿಳಿ ಬೋರ್ಡ್. ದೇವರ ದಯೆ, ಅವನಿಗೆ ಭುಜಕ್ಕೆ ಮಾತ್ರ ಪೆಟ್ಟು. ನಾನು ಹೋಗುವಷ್ಟರಲ್ಲಿ ಊರಿನವರು ಚೆಲ್ಲಿದ ಈರುಳ್ಳಿ ಆರಿಸಿ ಮೂಟೆ ಕಟ್ಟಿ, ಗಾಡಿಯನ್ನೂ ಎತ್ತಿ ನಿಲ್ಲಿಸಿದ್ದರು. ಮೂರು ದಿನ ಬಿಟ್ಟು ಇನ್ಶೂರೆನ್ಸ್ ಕಡೆಯಿಂದ ನಷ್ಟ ನೋಡುವ ಸರ್ವೇಯರ್ ಬಂದರು. ಗಾಡಿ ತೊಳೆದಾಗಿತ್ತು. ಅವರು ಮೊದಲು ಹಿಂದಿನ ಡೋರ್ ಇಳಿಸಿದರು. ಕೀಲಿನ ಸಂದಿಯಲ್ಲಿ ಈರುಳ್ಳಿ ಸಿಪ್ಪೆ ಒದ್ದೆಯಾಗಿ ಅಂಟಿಕೊಂಡಿತ್ತು. ಮೊಬೈಲ್‌ನಲ್ಲಿ ಅದರದ್ದೇ ನಾಲ್ಕು ಫೋಟೋ ತೆಗೆದರು. ಕ್ಲೇಮ್ ತಿರಸ್ಕಾರದ ಪತ್ರದ ಜೊತೆ ಆ ಫೋಟೋನೂ ಬಂತು.

ಕಂಪನಿಯವರು ಹಿಡಿಯುವುದು ಪಾಲಿಸಿಯ ಒಂದು ಸಾಲನ್ನು. ಸ್ವಂತ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು ಮತ್ತು ಸರಕು ಸಾಗಿಸುವುದು ಎರಡನ್ನೂ ಹೊರಗಿಟ್ಟಿರುತ್ತಾರೆ, ಸ್ಯಾಂಪಲ್ ಮತ್ತು ಸ್ವಂತ ಲಗೇಜಿಗೆ ಮಾತ್ರ ವಿನಾಯಿತಿ. ಡೀಸೆಲ್ ದುಡ್ಡು ಅಂದರೂ ಅವರು ಅದನ್ನು ಬಾಡಿಗೆ ಅಂತಲೇ ಬರೆಯುತ್ತಾರೆ.

ಆದರೂ ಕೈಚೆಲ್ಲಬೇಡಿ. 2010ರಲ್ಲಿ ಅಮಲೇಂದು ಸಾಹೂ ಪ್ರಕರಣದಲ್ಲಿ ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಕೊಟ್ಟಿದ್ದಾಗ ಅಪಘಾತ ಆಗಿತ್ತು. ಇಂಥ ಕಾರಣಕ್ಕೆ ಪೂರ್ತಿ ಕ್ಲೇಮ್ ತಳ್ಳಿಹಾಕುವುದು ಸರಿಯಲ್ಲ, ಒಂದು ಭಾಗವನ್ನಾದರೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಅರ್ಜಿಯಲ್ಲಿ ಈ ತೀರ್ಪನ್ನು ಹೆಸರು ಹೇಳಿಯೇ ಬರೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅವರೂ ಇಲ್ಲ ಅಂದರೆ ಒಂದು ವರ್ಷದೊಳಗೆ ಇನ್ಶೂರೆನ್ಸ್ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅಲ್ಲಿ ಫೀ ಇಲ್ಲ, ವಕೀಲರೂ ಬೇಡ. ಇಲ್ಲವೇ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ತೆಂಗಿನಕಾಯಿ ಇರಲೇ ಇಲ್ಲ ಅಂತ ಮಾತ್ರ ಸುಳ್ಳು ಬರೆಯಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದವರಿಗೇ ಇಂಥ ಕೇಸಿನಲ್ಲಿ ಏನಾದರೂ ಸಿಗುವುದು. ನನ್ನ ತಮ್ಮ ಮೊದಲು ಸುಳ್ಳು ಬರೆದುಕೊಟ್ಟಿದ್ದ, ಅದರಿಂದಲೇ ಅವನಿಗೆ ಏನೂ ಸಿಗಲಿಲ್ಲ.

ಎದುರಿನವರಿಗೆ ಪೆಟ್ಟಾಗಿದ್ದರೆ ಲೆಕ್ಕ ಇನ್ನೂ ದೊಡ್ಡದು. ಪರ್ಮಿಟ್ ಬೇಕಾದ ಗಾಡಿಯನ್ನು ಪರ್ಮಿಟ್ ಇಲ್ಲದೆ ಓಡಿಸಿದ್ದರೆ ಕಂಪನಿ ಅವರಿಗೆ ಪರಿಹಾರ ಕೊಟ್ಟು ಆಮೇಲೆ ಅಷ್ಟನ್ನೂ ನಿಮ್ಮಿಂದ ವಸೂಲಿ ಮಾಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಮೀನು ಮಾರುವ ಹಾಗಾಗುತ್ತದೆ. ಜಗಳೂರಿನವರಿಗೆ ತಡ ಮಾಡಬೇಡಿ ಅಂದದ್ದು ಇದಕ್ಕೇ.

ಪ್ರಶ್ನೆ: ಮಗಳು ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮನೆ ಬಳಕೆಗೆ ಪಿಕಪ್ ತಗೊಂಡರೂ ಅಲ್ಲಿ ಕಮರ್ಷಿಯಲ್ ನಂಬರೇ ಕೊಟ್ಟಿದ್ದಾರಂತೆ, ತೂಕಕ್ಕೂ ಫೀ ಹಾಕಿದ್ದಾರಂತೆ. ಮೋಸ ಹೋದರಾ?
— ಹರಿಹರ

ಉತ್ತರ: ಇಲ್ಲಮ್ಮ, ಅಲ್ಲಿನ ಕಾನೂನೇ ಹಾಗೆ. ಆ ರಾಜ್ಯದಲ್ಲಿ ಪಿಕಪ್ ಅಂದರೆ ಕಮರ್ಷಿಯಲ್ ಅಂತಲೇ ನೋಂದಣಿ, ಸ್ವಂತಕ್ಕೆ ಬಳಸಿದರೂ. ಖಾಲಿ ಗಾಡಿಯ ತೂಕ ನೋಡಿ ಮಾಮೂಲಿ ಫೀ ಜೊತೆ ಇನ್ನೊಂದು ಫೀ ಸೇರಿಸುತ್ತಾರೆ: 3,000ದಿಂದ 4,000 ಪೌಂಡ್‌ಗೆ 24 ಡಾಲರ್, 5,000ದವರೆಗೆ 80, 6,000ದವರೆಗೆ 154. ನಿಶ್ಚಿಂತೆಯಿಂದ ಇರಿ.

ಪ್ರಶ್ನೆ: ಹಳದಿ ಬೋರ್ಡ್ ಮಾಡಿಸಿದ ಮೇಲೆ ಅಡಿಕೆ ಕೊಯ್ಲಿನ ಆಳುಗಳನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಲ್ವಾ? ಇನ್ಶೂರೆನ್ಸ್ ಜಾಸ್ತಿ ಕಟ್ಟಿರುತ್ತೇವಲ್ಲ.
— ಚನ್ನಗಿರಿ

ಉತ್ತರ: ದಯವಿಟ್ಟು ಬೇಡ. ಸರಕು ವಾಹನದ ಪಾಲಿಸಿಯಲ್ಲಿ ರಕ್ಷಣೆ ಇರುವುದು ಡ್ರೈವರ್, ಗಾಡಿಯ ಕೆಲಸದವರು ಮತ್ತು ಮಾಲಿನ ಜೊತೆ ಬರುವ ಮಾಲಿನ ಮಾಲೀಕರು ಅಥವಾ ಅವರ ಕಡೆಯವರಿಗೆ. ಬೆಳಿಗ್ಗೆ ಬುತ್ತಿ ಗಂಟು ಹಿಡಿದುಕೊಂಡು, ಹಿಂದೆ ಸರಳು ಹಿಡಿದು ನಿಂತು ಬರುವ ಹತ್ತು ಹನ್ನೆರಡು ಜನರಿಗೆ ಇಲ್ಲ. ಗಾಡಿ ಒಂದು ಗುಂಡಿಗೆ ಇಳಿದರೆ ಸಾಕು, ಹಿಡಿದ ಕೈ ಬಿಟ್ಟುಹೋಗುತ್ತದೆ. ಕೊಯ್ಲಿನ ದಿನಗಳ ಮಟ್ಟಿಗೆ ಪ್ಯಾಸೆಂಜರ್ ಪರ್ಮಿಟ್ ಇರುವ ಟೆಂಪೋ ಗೊತ್ತು ಮಾಡಿ. ತೋಟ ಹತ್ತಿರವಿದ್ದರೆ ಆಟೋದಲ್ಲಿ ಎಷ್ಟು ಜನಕ್ಕೆ ಅನುಮತಿ ಇದೆಯೋ ಅಷ್ಟೇ ಜನರನ್ನು ಕೂರಿಸಿ ಎರಡು ಮೂರು ಟ್ರಿಪ್ ಹೊಡೆಸಿ. ಅಡಿಕೆ ಮೂಟೆ ಪಿಕಪ್‌ನಲ್ಲಿ ಬರಲಿ.